ಒಮ್ಮೆ ಅದುಮಿದರೆ ಒಂದೇ ಅಂಕಿ

ಬೀದಿಯ ಮಿಕ್ಕ ಅಂಗಡಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಬೆಳಕು ಹರಿಯುವ ಹೊತ್ತಿಗೇ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯ ಷಟರ್ ಅರ್ಧಕ್ಕೆ ಎತ್ತಿ, ಎಲ್ಲರ ಬಾಯಲ್ಲಿ ‘ಚಿಪ್ಪಕ್ಕ’ ಆಗಿರುವ ಒಡತಿ ಹೊಸದಾಗಿ ಬಂದ ಎಣಿಕೆಯ ಚಿಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ. ಕೆಂಪು ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ನೆಟ್ಟಗೆ ನಡೆದರೆ ಡಬ್ಬಿಗೆ, ನಡುವೆ ತಡವರಿಸಿದರೆ ಕಸದ ಬುಟ್ಟಿಗೆ. “ಮನೇಲೇ ಏನೋ ಮಾಡ್ತೀನಿ ಅಂತ ಆಸೆಯಿಂದ ಬರ್ತಾರೆ. ಕೆಟ್ಟದ್ದು ಕೊಟ್ರೆ ತಮ್ಮ ಕೈಗುಣಾನೇ ಸರಿಯಿಲ್ಲ ಅಂದ್ಕೊಂಡು ಬಿಟ್ಬಿಡ್ತಾರೆ, ಪಾಪ.”

ಈ ವಿದ್ಯೆ ರೇಡಿಯೊ ರಿಪೇರಿ ಮಾಡುತ್ತಿದ್ದ ಗಂಡನ ಪಕ್ಕ ಕೂತು ಕಲಿತದ್ದು. ಅವರು ತೀರಿಕೊಂಡಾಗ ಅಂಗಡಿ ಮಾರಿಬಿಡು ಎಂದು ನೆಂಟರೆಲ್ಲ ದುಂಬಾಲು ಬಿದ್ದರು. ಈಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಇಂದಿಗೂ ದಿನಕ್ಕೆ ಇಪ್ಪತ್ತು ಗಿರಾಕಿ ಬಂದರೆ ಹೆಚ್ಚು. ಅದರಲ್ಲೂ ಅರ್ಧ ಜನ ಬರೀ ಕೇಳಿಕೊಂಡು ಹೋಗುವವರು.

ಕಳೆದ ತಿಂಗಳು ಹಾಗೆ ಬಂದವರು ಪಕ್ಕದ ಬೀದಿಯ ಟೈಲರ್. ಪಾರ್ಶ್ವವಾಯು ಬಡಿದ ಹೆಂಡತಿಯ ಬಲಗೈಗೆ ದಿನವೂ ಅದುಮುವ ವ್ಯಾಯಾಮ ಆಗಬೇಕು. ಆಕೆಯೋ ಬೇಸತ್ತು ಬಿಟ್ಟೇಬಿಟ್ಟಿದ್ದರು. ಅದುಮಿದಂತೆಲ್ಲ ಅಂಕಿ ಏರುವ ಯಂತ್ರವೊಂದನ್ನು ತಾನೇ ಮಾಡಿಕೊಟ್ಟರೆ ಹುರುಪು ಬಂದೀತೆಂಬ ಆಸೆ ಟೈಲರ್‌ಗೆ. ಎಣಿಸಲು ಒಂದು, ತೋರಿಸಲು ಇನ್ನೊಂದು ಚಿಪ್ ಬೇಡುವ ಬಗೆಯನ್ನು ಪಕ್ಕಕ್ಕಿಟ್ಟು, ಎರಡೂ ಕೆಲಸ ತಾನೇ ಮಾಡುವಂಥದ್ದನ್ನು ಚಿಪ್ಪಕ್ಕ ಆರಿಸಿಕೊಟ್ಟರು. “ಸೂಜಿ ಹಿಡಿದ ಕೈ, ಬೆಸುಗೆ ಹೊಸದು. ತಂತಿ ಕಡಿಮೆ ಇದ್ದಷ್ಟೂ ಒಳ್ಳೇದು.”

ಮರುದಿನ ಟೈಲರ್ ಮುಖ ಸಪ್ಪೆ ಮಾಡಿಕೊಂಡು ಬಂದರು. ಹೆಂಡತಿ ಒಮ್ಮೆ ಅದುಮಿದರೆ ಅಂಕಿ ನಾಲ್ಕಕ್ಕೆ ಜಿಗಿದಿತ್ತು. “‘ನೀವು ಸುಳ್ಳು ಸಮಾಧಾನ ಹೇಳೋದು ಸಾಲ್ದು ಅಂತ ಇದಕ್ಕೂ ಕಲಿಸಿದ್ರಾ’ ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ಳು ಅಕ್ಕಾ.”

ಎಡವಿದ್ದು ಎಲ್ಲೆಂದು ಚಿಪ್ಪಕ್ಕನಿಗೆ ಆಗಲೇ ಹೊಳೆಯಿತು. “ಚಿಪ್ ಆರಿಸೋ ಭರದಲ್ಲಿ ಒತ್ತೋಕೆ ಎಂಥ ಗುಂಡಿ ಹಾಕ್ತೀರಿ ಅಂತ ಕೇಳೋದೇ ಮರೆತೆ. ಒತ್ತಿದಾಗ ಗುಂಡಿ ಒಳಗಿನ ತಗಡು ಅದುರತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಚಿಪ್ ಮಾತ್ರ ಅದುರಿದಷ್ಟು ಸಲವೂ ಎಣಿಸಿಬಿಡತ್ತೆ. ತಪ್ಪು ನಂದೇ.”

ಅಂಗಡಿ ಬಾಗಿಲೆಳೆದು ಟೈಲರ್ ಜತೆಗೇ ಹೊರಟರು. ಆಕೆಯ ಮಂಚದ ಪಕ್ಕ ಕೂತು, ಆ ಅದುರಾಟವನ್ನು ನುಂಗಿಕೊಳ್ಳುವ ಎರಡು ಪುಟ್ಟ ಬಿಡಿಭಾಗಗಳನ್ನು ಬೆಸೆದರು. ಆಕೆ ಒಲ್ಲದ ಮನಸ್ಸಿನಿಂದಲೇ ತುಟಿ ಕಚ್ಚಿ ಅದುಮಿದರು. ಒಂದು. ಮತ್ತೆ ಅದುಮಿದರು. ಎರಡು. “ಈಗ ನಿಜ ಹೇಳ್ತಿದೆ” ಎಂದು ಅತ್ತೇಬಿಟ್ಟರು.

“ಚಿಪ್ ಯಾರು ಬೇಕಾದ್ರೂ ಮಾರ್ತಾರೆ. ನಂದು ತಪ್ಪಾಯ್ತು ಅಂತ ಮನೆಗೇ ಬಂದು ಕೂರೋರು ಯಾರಿದ್ದಾರೆ? ಅಕ್ಕನ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ” ಎನ್ನುವ ಟೈಲರ್, ಬೇಡ ಬೇಡವೆಂದರೂ ಕೇಳದೆ ಚಿಪ್ಪಕ್ಕನ ಕುರ್ಚಿಗೆ ಮೆತ್ತೆ ಹೊಲಿದು ತಂದಿದ್ದಾರೆ. ಅವರ ಹೆಂಡತಿ ಈಗ ಒಂದು ದಿನವೂ ತಪ್ಪಿಸುವುದಿಲ್ಲವಂತೆ.

ನಿಮಗೇನು ಆಸೆ ಎಂದರೆ ಚಿಪ್ಪಕ್ಕ ನಗುತ್ತಾರೆ. “ಆಯಮ್ಮ ಒಂದಿನ ಅಂಗಡಿಗೆ ಬಂದು ಆ ಬಲಗೈಯಲ್ಲೇ ನನ್ನ ಕೈ ಹಿಡೀಬೇಕು. ‘ಅಯ್ಯೋ, ನೋಯತ್ತೆ, ಬಿಡ್ರೀ’ ಅಂತ ನಾನು ಕೂಗಬೇಕು. ಅಷ್ಟಾದ್ರೆ ಸಾಕು.”