ತಮ್ಮನ ಸೋಮವಾರ ಬಿಡಿಸಲು ಸುರಪುರಕ್ಕೆ

ಭಾನುವಾರ ನಸುಕಿನಲ್ಲಿ ಮುದನಾಳದಿಂದ ನಡೆದು ಯಾದಗಿರಿಗೆ ಬಂದೆ. ನಿಜಾಮರ ಆಳ್ವಿಕೆ ಮುಗಿದ ಮೇಲಿನ ಎರಡನೆಯ ಬೇಸಿಗೆ ಅದು. ಶಹಾಪುರದ ಬಸ್ಸಿನಲ್ಲಿ ಹನ್ನೆರಡಾಣೆ ಕೊಟ್ಟರೆ ಕಂಡಕ್ಟರ್ ನಾಣ್ಯ ತಿರುಗಿಸಿ ನೋಡಿದ.

"ನಿಜಾಮರು ಹೋದ್ರೂ ಅವರ ರೊಕ್ಕ ನಿಮ್ಮ ಗಂಟಿನಾಗೇ ಕುಂತಾದಲ್ರಿ ಕಾಕಾ."

"ನಡೀತದಲ್ಲಪ?"

"ಇವತ್ತಿಗಿ ನಡೀತದ್ರಿ," ಎಂದು ಟಿಕೆಟ್ ಹರಿದ.

ಭೀಮಾ ದಾಟಿದ ಮೇಲೆ ಬರೀ ಧೂಳು. ಇಪ್ಪತ್ತು ಮೈಲಿಗೆ ಎರಡು ತಾಸು ಹಿಡಿಯಿತು. ಜೇಬಿನಲ್ಲಿ ತಮ್ಮ ಬಸಣ್ಣನ ಕಾಗದವಿತ್ತು. ಅವನು ಸುರಪುರದ ಹೊಸ ಕನ್ನಡ ಶಾಲೆಯಲ್ಲಿ ಮಾಸ್ತರ. 'ಮಗಳು ನೀಲವ್ವನಿಗೆ ಏಳು ತುಂಬಿತು. ಈ ಸೋಮವಾರದಿಂದ ಅವಳೂ ನನ್ನ ವ್ರತ ಹಿಡಿಯುತ್ತಾಳೆ' ಎಂದು ಬರೆದಿದ್ದ. ಹೊತ್ತು ಮುಳುಗುವ ತನಕ ಅನ್ನವಿಲ್ಲ, ಹನಿ ನೀರೂ ಇಲ್ಲ. ಅಂಥ ವ್ರತ ಅದು. ಅದು ಹುಟ್ಟಿದ್ದು ನನ್ನ ಸುಳ್ಳಿನಿಂದ.

ಶಹಾಪುರದಲ್ಲಿ ಸುರಪುರದ ಬಸ್ಸು ಕೆಟ್ಟು ನಿಂತಿತ್ತು. ಧರ್ಮಶಾಲೆಯಲ್ಲಿ ಉಳಿದೆ. ಮಿರ್ಚಿ ಭಜಿ ತಿಂದು, ಮಲಗಿದ ಮನುಷ್ಯನಂತೆ ಕಾಣುವ ಗುಡ್ಡವನ್ನು ನೋಡುತ್ತ ಕುಳಿತೆ. ನಾನೂ ಬಸಣ್ಣನೂ ಓದಿದ ಮಠ ಆ ಕಡೆಯ ಒಂದು ಹಳ್ಳಿಯಲ್ಲಿತ್ತು. ಆಗ ಸರ್ಕಾರಿ ಶಾಲೆಯಲ್ಲಿ ಉರ್ದು; ಕನ್ನಡ ಬೇಕೆಂದರೆ ಮಠ.

ಕೊರಳ ಲಿಂಗವನ್ನು ಈಜುವಾಗಲೂ ತೆಗೆಯಬಾರದೆಂಬುದು ಅಲ್ಲಿಯ ಕಟ್ಟಳೆ. ನೀರಿಗೆ ಜಿಗಿದರೆ ಎದೆಗೆ ಬಡಿಯುತ್ತದೆಂದು ನಾವು ಒಂದು ದಿನ ಎರಡನ್ನೂ ಬಾವಿಯ ಮೆಟ್ಟಿಲ ಮೇಲಿಟ್ಟೆವು. ಎರಡೂ ಒಂದೇ ತರಹದ ಬಿಳಿ ಬಟ್ಟೆಯ ಗಂಟು. ನಾನು ಮೇಲೆ ಬರುವಾಗ ಕಾಲು ತಗಲಿ ನನ್ನದು ನೀರಿಗೆ ಬಿತ್ತು. ಬಸಣ್ಣ ಇನ್ನೂ ಮುಳುಗು ಹಾಕುತ್ತಿದ್ದ. ಅವನದನ್ನು ನನ್ನ ಕೊರಳಿಗೆ ಹಾಕಿಕೊಂಡೆ. ಅವನು ಮೇಲೆ ಬಂದಾಗ, ನಿನ್ನದು ಬಿತ್ತೆಂದೆ.

ಮಠದ ಮಾಸ್ತರರು ಅವನಿಗೆ ಕೋದಂಡ ಹಾಕಿಸಿದರು. ಕೈಕಟ್ಟಿ ತೊಲೆಗೆ ತೂಗುಬಿಟ್ಟರು. ನೆಲಕ್ಕೆ ಕಾಲು ಹತ್ತಲಿಲ್ಲ. ಬಲಭುಜ ಕಳಚಿದ ಮೇಲೆ ಇಳಿಸಿದರು. ಹೊಸ ಲಿಂಗ ಕಟ್ಟಿ, ಸಾಯುವ ತನಕ ಸೋಮವಾರದ ವ್ರತ ವಿಧಿಸಿದರು. ನಾನು ಕಂಬದ ಬಳಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ತಿಂಗಳೊಳಗೆ ಮಠದಿಂದ ಓಡಿಬಂದೆ. ನನ್ನ ಓದು ಅಷ್ಟೇ.

ಸೋಮವಾರ ಹದಿನೈದು ಮೈಲಿಯ ಹಾದಿಯಲ್ಲಿ ಟಾಯರ್ ಒಡೆದು, ಸುರಪುರ ಮುಟ್ಟಿದಾಗ ಮಧ್ಯಾಹ್ನ. ಸುಡುಬಿಸಿಲು. ನೀಲವ್ವ ಪಡಸಾಲೆಯ ತಂಪು ಕಲ್ಲಿಗೆ ಕೆನ್ನೆ ಹಚ್ಚಿ ಮಲಗಿದ್ದಳು. ತುಟಿ ಒಣಗಿತ್ತು. ತಮ್ಮನ ಹೆಂಡತಿ ಶಾಂತವ್ವ ನನಗೆ ತಂಬಿಗೆ ನೀರು ತಂದಳು. "ನಾ ಹೇಳಿದ್ರ ಕೇಳಂಗಿಲ್ರಿ ಭಾವಾರ. ನೀವರ ಹೇಳ್ರಿ."

ಬೇಸಿಗೆ ರಜೆಯೆಂದು ಬಸಣ್ಣ ಮನೆಯಲ್ಲೇ ಇದ್ದ; ಚಪ್ಪಲಿ ಬಿಡುವ ಮೊದಲೇ ಅವನಿಗೆ ಹೇಳಿದೆ. ಬಾವಿ, ಮೆಟ್ಟಿಲು, ಗಂಟು, ಎಲ್ಲವನ್ನೂ. ಬಸಣ್ಣ ಎಡಗೈಯಿಂದ ಬಲಭುಜ ತಿಕ್ಕಿಕೊಂಡ.

"ಇಪ್ಪತ್ತು ವರ್ಷ ನಾ ಬಾಯಿ ಒಣಗಿಸ್ಕೊಂಡೀನಿ. ನೀ ಸೋಮವಾರ ಏನ್ ಉಣ್ತಿದ್ದಿ?"

"ರೊಟ್ಟಿ."

"ಬರೇ ರೊಟ್ಟಿ?"

"ಪುಂಡಿ ಪಲ್ಯ. ಶೇಂಗಾ ಹಿಂಡಿ."

"ಮೊಸರು?"

"ಇದ್ದಾಗ."

ಅವನ ಕಣ್ಣಲ್ಲಿ ನೀರು ಬಂತು; ಅದರೊಳಗೇ ನಕ್ಕ. "ಹಿಂಡೀನೂ ಬಿಟ್ಟಿಲ್ಲಲ್ಲೋ ಅಣ್ಣ."

ಕೊರಳ ಲಿಂಗ ತೆಗೆದು ಕೊಡಹೋದೆ. ಎಡಗೈಯಿಂದ ತಡೆದ. "ಇಷ್ಟು ವರ್ಷ ನಿನ್ನ ಪೂಜಿ ಉಂಡಾದ, ಅಲ್ಲೇ ಇರಲಿ. ಮತ್ತ ಈಸಾಕ ಹೋಗಬ್ಯಾಡ."

ಆಮೇಲೆ ನನ್ನ ಮುಂದಿದ್ದ ತಂಬಿಗೆ ಎತ್ತಿ ಮಗಳ ಬಾಯಿಗೆ ಹಿಡಿದ. ಅವಳು ತಂದೆಯ ಮುಖ ನೋಡಿದಳು. "ಇವತ್ತ ಸೋಮವಾರ ಅಲ್ಲೇನಪ?"

"ಹೌದವ್ವ. ಕುಡಿ."

ಅವಳು ಕುಡಿದು ಉಳಿಸಿದ್ದನ್ನು ಅವನು ಕುಡಿದ. ಶಾಂತವ್ವ ಕೇಳದೆಯೇ ಮೂರು ತಾಟು ಹಾಕಿದಳು. ನನಗೆ ಹಿಂಡಿ ಬಡಿಸಬೇಡವೆಂದ. ಆಮೇಲೆ ತಾನೇ ಬಡಿಸಿದ. ಅಂಥ ಊಟ ನಾನು ಉಂಡಿರಲಿಲ್ಲ.

ಎರಡು ದಿನ ಇದ್ದು ಬುಧವಾರ ಹೊರಟೆ. ಅಪ್ಪ ಮಗಳು ಬಸ್ಸಿನ ತನಕ ಬಂದರು. ಬಸ್ಸು ತಿರುಗಿದಾಗ ಹಿಂದಿರುಗಿ ನೋಡಿದೆ. ಬಸಣ್ಣ ಎಡಗೈ ಎತ್ತಿದ್ದ. ಬಲಗೈ ಅವನಿಗೆ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಪಕ್ಕದಲ್ಲಿ ನೀಲವ್ವ ಎರಡೂ ಕೈ ಎತ್ತಿ ಬೀಸುತ್ತಿದ್ದಳು.