ಹದಿನಾಲ್ಕು ಮಂದಿ ಮತ್ತು ಒಂದು ಎಕೋ

ಎಕೋ ಆಫ್ ಮಾಡಿದ್ದು ನಾನೇ ಎಂದು ಇವತ್ತಿನವರೆಗೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆ ಸಂಜೆಯ ರೆಕಾರ್ಡಿಂಗ್ ಬೇರೆಯೇ ಹೇಳುತ್ತದೆ.

ಚಂದ್ರಾ ಲೇಔಟಿನ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಿದ್ದ ಗೆಳೆಯ ಬಾಗಲಕೋಟೆ ಕಡೆಯವನು. ಇಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಕೆಲಸ. ಊರಿನ ಭಜನಾ ಮೇಳದಲ್ಲಿ ಮುಂದೆ ಕುಳಿತು ಪದ ಎತ್ತಿಕೊಡುತ್ತಿದ್ದವನು ಅವನೇ. ಆ ಸಲ ಶ್ರಾವಣ ಸೋಮವಾರದ ಭಜನೆಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ.

"ಸೋಮವಾರ ಅಲ್ಲಿಂದನ ಹಾಡಿ ತೋರಸು. ಆಗಲಿಲ್ಲಂದ್ರ ಆ ಜಾಗಾ ನಿನ್ನ ತಮ್ಮಗ," ಎಂದು ಮೇಳದ ಹಿರಿಯರಾದ ಅವನ ಸೋದರಮಾವ ಹೇಳಿಬಿಟ್ಟರು.

ಲೈವ್ ಮಾಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಶಬ್ದ ಏನು ಮಹಾ! ಪುಕ್ಕಟೆ ಸಿಗುವ ಎರಡು ಪ್ಲಗಿನ್ ಕಂಪ್ಯೂಟರಿಗೆ ಇಳಿಸಿಕೊಂಡೆ. ಒಂದು ಫ್ಯಾನಿನ ಸದ್ದು ಅಡಗಿಸುತ್ತದೆ, ಇನ್ನೊಂದು ಎಕೋ, ಹಾಡಿದ್ದನ್ನೇ ಮತ್ತೆ ಕೇಳಿಸುತ್ತದೆ. ಅಭ್ಯಾಸದಲ್ಲಿ ಗೆಳೆಯ ಒಂದೊಂದು ಸಾಲು ಹಾಡಿ ಸುಮ್ಮನೆ ಕೂರುತ್ತಿದ್ದ. ಆ ಖಾಲಿ ಜಾಗ ಕಂಡು ನನ್ನ ಕೈ ತುರಿಸಿತು. ಎಕೋ ಹೆಚ್ಚಿಸಿ ತುಂಬಿಸಿಬಿಟ್ಟೆ. ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು, ಅವನಿಗೆ ಗೊತ್ತಾಗಲಿಲ್ಲ.

ಸೋಮವಾರ ಸಂಜೆ ಊರಿನ ಗುಡಿಯಲ್ಲಿ ನಮ್ಮ ಲೈವನ್ನು ಸ್ಪೀಕರಿಗೆ ಹಚ್ಚಿಕೊಂಡು ಕುಳಿತಿದ್ದರು. ಮೊದಲ ಪದ ಮುಗಿಯುವ ಮೊದಲೇ ಸೋದರಮಾವನ ಫೋನು. ನಾನೇ ಎತ್ತಿದೆ.

"ಅವನ ಹಿಂದ ಯಾರ್ರೀ ಹಾಡಾಕತ್ತಾರ?"

"ಯಾರೂ ಇಲ್ಲ ಸಾರ್, ಕಂಪ್ಯೂಟರ್ರು."

"ಅದಕ್ಕ ಬಾಯಿ ಮುಚ್ಚಾಕ ಹೇಳ್ರಿ! ಇಲ್ಲಿ ಹದಿನಾಲ್ಕು ಮಂದಿ ತಾಳ ಹಿಡಕೊಂಡು ಕುಂತೀವಿ. ನಾವು ಬಾಯಿ ತಗಿಯೂದ್ರಾಗ ಅದು ಹಾಡಿ ಮುಗಸ್ತೈತಿ!"

ಅವನು ಸುಮ್ಮನಾಗುತ್ತಿದ್ದುದು ಮೇಳದವರು ಅದೇ ಸಾಲನ್ನು ತಿರುಗಿ ಹಾಡಲಿ ಎಂದು. ನನಗದು ಆಗ ಹೊಳೆಯಿತು.

ನನ್ನ ನೆನಪಿನಲ್ಲಿ ನಾನು ತಕ್ಷಣ ಎಕೋ ಆಫ್ ಮಾಡಿದೆ. ರೆಕಾರ್ಡಿಂಗಿನಲ್ಲಿ "ಅದು ದನಿ ತುಂಬಿ ಬರ್ಲಿ ಅಂತ ಸಾರ್..." ಎಂದು ನಾನಿನ್ನೂ ವಿವರಿಸುತ್ತಲೇ ಇದ್ದೇನೆ. ಅಷ್ಟರಲ್ಲಿ ಗೆಳೆಯನ ದನಿ: "ಏನ್ ಮಾಡಿಟ್ಟೀಯೋ ಮಾರಾಯ, ಸರಿ ಆ ಕಡೆ!" ಈ ಬೈಗುಳವೂ ಎಕೋದಲ್ಲಿ ಮೂರು ಸಲ ಗುಡಿಗೆ ತಲುಪಿದೆ. ಆಮೇಲೆ ಮೌಸಿನ ಟಿಕ್.

ಅವನು ಅದೇ ಸಾಲನ್ನು ಮತ್ತೆ ಎತ್ತಿಕೊಂಡು ಹಾಡಿ ನಿಲ್ಲಿಸಿದ. ರೆಕಾರ್ಡಿಂಗಿನಲ್ಲಿ ಅಲ್ಲಿಂದ ಮುಂದೆ ಕೇಳುವುದು ಬೀದಿಯ ಈರುಳ್ಳಿ ಗಾಡಿಯ ಮೈಕು ಮಾತ್ರ. ನನ್ನ ಕಿವಿಗೊತ್ತಿದ್ದ ಫೋನಿನಲ್ಲಿ, ಸ್ವಲ್ಪ ತಡವಾಗಿ, ಹದಿನಾಲ್ಕು ಮಂದಿ ಒಟ್ಟಿಗೆ ಹಾಡಿದರು. ಹಾಡಿದರು ಎಂಬುದಕ್ಕೆ ನನ್ನ ನೆನಪೇ ಆಧಾರ, ಅದರ ಯೋಗ್ಯತೆ ಈಗಷ್ಟೇ ನೋಡಿದಿರಿ. ಆದರೆ ಗೆಳೆಯ ಪ್ರತಿ ಸಾಲಿಗೂ ಬಿಟ್ಟ ಜಾಗ ಆಮೇಲೆ ಅಳೆದು ನೋಡಿದೆ. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವರ ಹಾಡು ಅವನಿಗೆ ಕೇಳಿಸುತ್ತಲೇ ಇರಲಿಲ್ಲ.

ಮಂಗಳ ಮುಗಿದ ಮೇಲೆ ಮಾವ ಅವನ ಹತ್ತಿರ ಮಾತಾಡಿದರು. "ಮುಂದಿನ ಸೋಮವಾರನೂ ನೀನೇ ಎತ್ತಿಕೊಡು. ಆ ಕಂಪ್ಯೂಟರ್ ಸಾಹೇಬ್ರನ್ನ ಮಾತ್ರ ಬಾಗಲಾ ಹೊರಗ ಕುಂದ್ರಸು."

ಈ ಮಾತೊಂದು ನಮ್ಮಿಬ್ಬರಿಗೂ ಒಂದೇ ಥರ ನೆನಪಿದೆ.