ಅಯಸ್ಕಾಂತ ಹಿಡಿಯದ ತೋಟಾ

ಪಂಕಜಾ ಮನುಷ್ಯರನ್ನು ನಂಬುತ್ತಿರಲಿಲ್ಲ. ನಂಬುತ್ತಿದ್ದದ್ದು ತನ್ನ ಕೀಗೊಂಚಲಿನಲ್ಲಿ ನೇತಾಡುವ ಹೆಬ್ಬೆರಳು ಗಾತ್ರದ ಅಯಸ್ಕಾಂತವನ್ನು.

ಬೆಳ್ಮಣ್ಣು ಕಡೆಯ ಬಂಟರ ಮನೆಯ ಈ ಹೆಂಗಸು ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿ ರಮಾನಾಥರಾಯರ ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ಆಳತೊಡಗಿ ಹದಿನೇಳು ವರ್ಷವಾಗಿತ್ತು. ಸೇರಿದ ವರ್ಷವೇ ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಯೊಂದರಿಂದ ನಲವತ್ತು ಸ್ಟೀಲ್ ತಟ್ಟೆ ತಂದಿದ್ದಳು. ದೀಪಾವಳಿಗೆ ತಂದದ್ದು ಯುಗಾದಿಗೆ ತುಕ್ಕು ಹಿಡಿಯಿತು. ರಾಯರು ಏನೂ ಅನ್ನಲಿಲ್ಲ, ತಟ್ಟೆಯೊಂದನ್ನು ಗಲ್ಲಾದ ಹಿಂದೆ ಗೋಡೆಗೆ ಒರಗಿಸಿಟ್ಟು ಸುಮ್ಮನಾದರು. ಬೈದಿದ್ದರೆ ಆಕೆಗೆ ಅಷ್ಟು ಉರಿಯುತ್ತಿರಲಿಲ್ಲ. ಅವತ್ತಿನಿಂದ ಊರಿನ ಪಾತ್ರೆ ಅಂಗಡಿಯಲ್ಲಿ ಹೆಂಗಸರು ಮಾಡುವ ಪರೀಕ್ಷೆಯನ್ನು ಇವಳೂ ಹಿಡಿದಳು. ಅಯಸ್ಕಾಂತ ಕಚ್ಚಿಕೊಂಡರೆ ಡೂಪ್ಲಿಕೇಟ್, ಜಾರಿದರೆ ಒರಿಜಿನಲ್. ಸೌಟಿನಿಂದ ಹಿಡಿದು ಇಡ್ಲಿ ಸ್ಟ್ಯಾಂಡಿನವರೆಗೆ ಈ ಪರೀಕ್ಷೆ ಪಾಸಾಗದೆ ಯಾವುದೂ ಒಳಗೆ ಬರುತ್ತಿರಲಿಲ್ಲ.

ಸೋಮವಾರ ಹೋಟೆಲಿಗೆ ರಜೆ. ಚಳಿಗಾಲದ ಸೋಮವಾರಗಳಲ್ಲಿ ಪಂಕಜಾ ಕೋವಿ ಹೆಗಲಿಗೇರಿಸಿ ಸಮುದ್ರದ ಹಿನ್ನೀರಿನ ಜೌಗಿಗೆ ಬಾತುಕೋಳಿ ಹೊಡೆಯಲು ಹೋಗುತ್ತಿದ್ದಳು. ಸಣ್ಣವಳಿದ್ದಾಗ ಮಾವನ ಹಿಂದೆ ಕಾಡುಹಂದಿಗೆ ಕಾದು ಕೂತವಳಿಗೆ ಕೋವಿ ಹೊಸದಲ್ಲ. ರಮಾನಾಥರಾಯರಿಗೆ ಗೊತ್ತಿತ್ತು. "ಪಂಕಜಾ, ಸೋಮವಾರ ನೀನು ಎಲ್ಲಿಗೆ ಹೋಗ್ತಿ ಅಂತ ನಾನು ಕೇಳುವುದಿಲ್ಲ. ಮಂಗಳವಾರ ಮಿಂದು ಬಾ, ಅಷ್ಟು ಸಾಕು" ಎಂದಿದ್ದರು.

ಅವಳ ಕೋವಿ ಹಳೆಯ ಜೋಡುನಳಿಗೆಯದು. ಸತ್ತುಹೋದ ಪೋಲಿಷ್ ಮುದುಕನೊಬ್ಬನ ಮನೆಯವರಿಂದ ಕಾಗದಪತ್ರ ಸಮೇತ ಕೊಂಡದ್ದು. ಅದರ ಬಾಯಿ ಬಹಳ ಬಿಗಿ. ಕೋವಿಯ ಬಾಯಿಯ ಈ ಇರುಕಿಗೆ ಚೋಕ್ ಎನ್ನುತ್ತಾರೆ. ಇರುಕು ಹೆಚ್ಚಾದಷ್ಟೂ ತೋಟಾದೊಳಗಿನ ಚರೆ, ಅಂದರೆ ಸಾಸಿವೆ, ಕಾಳುಮೆಣಸಿನಂಥ ಗುಂಡುಗಳು, ಚೆಲ್ಲಾಡದೆ ಒತ್ತೊತ್ತಾಗಿ ಹೋಗುತ್ತವೆ. ಹೊಸ ಕೋವಿಗಳಲ್ಲಿ ಚೋಕನ್ನು ತಿರುಪಿನಂತೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಇವಳದರಲ್ಲಿ ಆಗದು.

ಸಮಸ್ಯೆ ಬಂದದ್ದು ಅಲ್ಲೇ. ಬಾತುಕೋಳಿಗೆ ಸೀಸದ ಚರೆ ಹೊಡೆಯುವುದು ಈ ದೇಶದಲ್ಲಿ ಅಪರಾಧ. ಕೆಸರಿಗೆ ಬಿದ್ದ ಸೀಸವನ್ನು ಹಕ್ಕಿಗಳು ಕಾಳೆಂದು ನುಂಗಿ ವಿಷವೇರಿ ಸಾಯುತ್ತವೆ. ಜೇಬಿನಲ್ಲಿ ಸೀಸದ ತೋಟಾ ಇಟ್ಟುಕೊಂಡು ಜೌಗಿಗಿಳಿದರೂ ಬೇಟೆಯ ಮೇಲೆ ಕಣ್ಣಿಡುವ ವಾರ್ಡನ್ ಹಿಡಿಯುತ್ತಾನೆ. ಹಾಗೆಂದು ಉಕ್ಕಿನ ಚರೆ ಹಾಕಿದರೆ, ಅದು ಗಟ್ಟಿ, ಹಳೆಯ ನಳಿಗೆಯ ಬಿಗಿಬಾಯಿ ಉಬ್ಬಿಹೋಗುತ್ತದೆ. ಅವಳು ಇಷ್ಟು ವರ್ಷ ಬಿಸ್ಮತ್ ಎಂಬ ಮೆತ್ತನೆಯ ಲೋಹದ ತೋಟಾ ಹೊಡೆದುಕೊಂಡು ಬಂದಿದ್ದಳು. ೨೦೦೯ರಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಬಿಸ್ಮತ್ ಇಲ್ಲ. ಆ ವರ್ಷ ಯಾವ ಜಾತಿಯ ತೋಟಾವೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಬ್ಯಾಂಕಿನವರು ದೇಶವನ್ನು ಮುಳುಗಿಸಿ ತಾವು ತೇಲಿಕೊಂಡಿದ್ದರು. ಮುಳುಗಿದ ಜನ ಸಿಕ್ಕಿದ್ದನ್ನೆಲ್ಲ ಕೊಂಡು ಗ್ಯಾರೇಜಿನಲ್ಲಿ ತುಂಬಿಸಿಡುತ್ತಿದ್ದರು. ಯಾರಿಗೂ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ.

ಆಗ ಬಂದವನು ದಿವಾಕರ.

ಮೈಸೂರಿನವನು, ನಲವತ್ತೆರಡರ ಪ್ರಾಯ. ಕಂಪನಿಯೊಂದರ ಲ್ಯಾಬಿನಲ್ಲಿ ಲೋಹ ಪರೀಕ್ಷೆ ಮಾಡುತ್ತಿದ್ದ. ಮಾರ್ಚ್‌ನಲ್ಲಿ ಲೇಆಫ್ ಆಗಿ, ಏಳು ತಿಂಗಳಿಂದ ಮನೆಯಲ್ಲಿ ಕೂತಿದ್ದ. ಕೆಲವು ವರ್ಷದ ಹಿಂದೆ ಬೇಟೆಯ ಲೈಸೆನ್ಸ್ ತರಗತಿಯಲ್ಲಿ ಪಂಕಜಾಳ ಪಕ್ಕದ ಕುರ್ಚಿ ಅವನದಾಗಿತ್ತು. ಅವತ್ತಿನಿಂದ ಅವಳನ್ನು ಅಕ್ಕ ಅನ್ನುತ್ತಿದ್ದ, ಸೋಮವಾರ ಜೌಗಿಗೆ ಜೊತೆಗೆ ಬರುತ್ತಿದ್ದ.

"ಪಂಕಜಕ್ಕ, ಟಂಗ್‌ಸ್ಟನ್ ತೋಟಾ ತಂದಿದ್ದೀನಿ, ನೋಡಿ" ಎಂದು ಅಡುಗೆಮನೆಯ ಹಿಂಬಾಗಿಲಲ್ಲಿ ಒಂದು ಡಬ್ಬಿ ಬಿಚ್ಚಿದ. "ಸೀಸಕ್ಕಿಂತ ಭಾರ. ದೂರಕ್ಕೆ ಹೊಡೆದರೂ ಕಸುವು ಇಳಿಯೋಲ್ಲ. ಆದರೆ ಬಹಳ ಗಟ್ಟಿ, ನಿಮ್ಮ ಕೋವಿಗೆ ಮಾತ್ರ ಹಾಕಬೇಡಿ, ನಳಿಗೆ ಹೋಗುತ್ತೆ. ನನ್ನ ಹೊಸ ಕೋವಿ ತಗೊಳ್ಳಿ. ಕಾಗದ ನಿಮ್ಮ ಹೆಸರಿಗೆ ಮಾಡಿಕೊಡ್ತೀನಿ. ಮೂರು ಚೋಕ್ ಇದೆ. ಇದಕ್ಕೆ ನಡುವಿನದು ಸಾಕು, ಬಿಗಿಯದು ಬೇಡ."

"ನಡುವಿನದು ಯಾಕೆ? ದೂರಕ್ಕೆ ಬಿಗಿಯದೇ ಅಲ್ವಾ?"

"ಈ ಚರೆ ತಾನೇ ಒತ್ತಾಗಿ ಹೋಗುತ್ತೆ ಅಕ್ಕ. ಮೇಲೆ ಬಿಗಿ ಚೋಕ್ ಹಾಕಿದರೆ ಚರೆಯ ಗುಂಪು ಅಂಗೈಯಗಲ ಆಗಿಬಿಡುತ್ತೆ, ಹಕ್ಕಿ ತಪ್ಪಿಹೋಗುತ್ತೆ."

ಪಂಕಜಾ ತಲೆಯಾಡಿಸಿದಳು. ಒಳಗೆ ಅನುಮಾನ ಕಾಲು ಚಾಚಿ ಕೂತಿತು. ಕೆಲಸವಿಲ್ಲದವನು. ನನ್ನ ಕೋವಿಗೆ ಆಗದ ತೋಟಾ ತರುತ್ತಾನೆ, ಅದಕ್ಕೆ ತನ್ನ ಕೋವಿಯೇ ಬೇಕು ಎನ್ನುತ್ತಾನೆ. ಕೋವಿ ಮಾರುವುದಕ್ಕೆ ಇಷ್ಟು ಸುತ್ತು ಕತೆಯೇ?

ಅವನು ಡಬ್ಬಿ ಬಿಟ್ಟುಹೋದ ಮೇಲೆ ಕೀಗೊಂಚಲು ತೆಗೆದಳು. ತೋಟಾದ ಬುಡದ ಲೋಹಕ್ಕೆ ಮುಟ್ಟಿಸಲಿಲ್ಲ, ಅದಕ್ಕೆ ಹೇಗೂ ಕಚ್ಚುತ್ತದೆ, ಅಷ್ಟು ಬುದ್ಧಿ ಇತ್ತು. ಚರೆ ಇರುವ ಪ್ಲಾಸ್ಟಿಕ್ ಮೈಗೆ ಹಿಡಿದಳು. ಅಯಸ್ಕಾಂತ ಟಕ್ಕೆಂದು ಕಚ್ಚಿಕೊಂಡಿತು.

"ಡೂಪ್ಲಿಕೇಟ್!" ಎಂದಳು, ಹತ್ತಿರ ಯಾರೂ ಇಲ್ಲದಿದ್ದರೂ ಗಟ್ಟಿಯಾಗಿ.

ಅದೇ ವಾರ ರಮಾನಾಥರಾಯರು ಅವಳನ್ನು ಗಲ್ಲಾದ ಬಳಿಗೆ ಕರೆದರು. ಬಾಡಿಗೆ ಇಳಿದಿದೆಯೆಂದು ಹೋಬೋಕನ್‌ನಲ್ಲಿ ಇನ್ನೊಂದು ಹೋಟೆಲ್ ತೆರೆಯುವವರಿದ್ದರು. ಎರಡೂ ಅಡುಗೆಮನೆಗೆ ಸಾಮಾನು ಕೊಳ್ಳಲು ಒಬ್ಬ ನಂಬಿಗಸ್ತ ಬೇಕಿತ್ತು.

"ದಿವಾಕರ ಕೇಳ್ತಾ ಇದ್ದಾನೆ. ಡಿಸೆಂಬರ್‌ಗೆ ಅವನ ಹಳೇ ಕಂಪನಿಯ ಹೆಲ್ತ್ ಇನ್ಶುರೆನ್ಸ್ ಮುಗೀತದಂತೆ, ಹೆಂಡತಿ ಬಸುರಿ. ಆದರೆ ಪಾಪ ಅಂತ ನಾನು ಕೆಲಸ ಕೊಡುವುದಿಲ್ಲ. ನಿನಗೆ ಗುರ್ತದವ, ಎಂತ ಹೇಳ್ತಿ?"

ಪಂಕಜಾ ತುಕ್ಕು ಹಿಡಿದ ತಟ್ಟೆಯ ಕಡೆ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. "ಅವ ಬೇಡ ರಾಯರೇ" ಎಂದಳು. "ಲೋಹ ಓದಿದವ, ಆದರೂ ನನಗೆ ಡೂಪ್ಲಿಕೇಟ್ ದಾಟಿಸಲಿಕ್ಕೆ ನೋಡಿದ. ನಾಳೆ ನಿಮಗೂ ದಾಟಿಸ್ತಾನೆ."

"ಮತ್ತೆ ಯಾರು?"

ಆಗ ಅವಳ ಬಾಯಲ್ಲಿ ಬಂದ ಹೆಸರು ಸುಬ್ಬುವಿನದು. ಸುಬ್ಬು ಹೋಟೆಲಿಗೆ ವ್ಯಾನಿನಲ್ಲಿ ತರಕಾರಿ ತರುತ್ತಿದ್ದವನು. ಕೆಲಸ ಕಳಕೊಂಡು ಊರಿಗೆ ಮರಳುವವರ ಮನೆ ಸಾಮಾನನ್ನು ಮೂವಿಂಗ್ ಸೇಲ್‌ನಲ್ಲಿ ಕೊಂಡು, ಇನ್ನೊಬ್ಬರಿಗೆ ಮಾರುವುದೂ ಅವನ ಕಸುಬು. ಎರಡು ದಿನದ ಹಿಂದಷ್ಟೇ ಅವಳಿಗೆ ಒಂದು ಡಬ್ಬಿ ಬಿಸ್ಮತ್ ತೋಟಾ ತಂದುಕೊಟ್ಟಿದ್ದ. "ಯಾವನೋ ಬಿಳಿಯನ ಗ್ಯಾರೇಜಿನಲ್ಲಿತ್ತು ಅಕ್ಕಾ, ಹಳೇ ಸ್ಟಾಕು, ನಿಮ್ಮ ಅದೃಷ್ಟ!" ಡಬ್ಬಿಯ ಮುಚ್ಚಳದ ಬಣ್ಣ ಒಂದು, ತಳದ ಬಣ್ಣ ಇನ್ನೊಂದು. ಪಂಕಜಾಳ ಕಣ್ಣು ಅದನ್ನು ಬಿಡಲಿಲ್ಲ. ಆದರೆ ಅಯಸ್ಕಾಂತ ಮುಟ್ಟಿಸಿದಾಗ ಜಾರಿ ಬಿತ್ತು. ಎರಡನೆಯದಕ್ಕೂ ಜಾರಿತು, ಹತ್ತನೆಯದಕ್ಕೂ ಜಾರಿತು. ಒರಿಜಿನಲ್.

"ಅವ ಹರಕು ಬಾಯಿಯವ, ಆದರೆ ಮಾಲು ಸರಿ ಕೊಡ್ತಾನೆ" ಎಂದಳು.

ರಾಯರು ಒಂದನೇ ತಾರೀಕಿನಿಂದ ಸುಬ್ಬುವನ್ನು ಸೇರಿಸಿಕೊಂಡರು.

ದಿವಾಕರ ಬಂದದ್ದು ಅದಾದ ಮರುದಿನ ಮಧ್ಯಾಹ್ನ, ಊಟದ ಗಲಾಟೆ ಮುಗಿದ ಹೊತ್ತಿಗೆ. ಪಂಕಜಾ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದಳು.

"ನನ್ನ ಬಗ್ಗೆ ರಾಯರ ಹತ್ತಿರ ಏನು ಹೇಳಿದ್ರಿ?"

"ಇದ್ದದ್ದು ಹೇಳಿದೆ. ನಿನ್ನ ತೋಟಾಕ್ಕೆ ಮ್ಯಾಗ್ನೆಟ್ ಹಿಡೀತದೆ, ಸುಬ್ಬು ಕೊಟ್ಟ ಬಿಸ್ಮತ್‌ಗೆ ಹಿಡೀಲಿಲ್ಲ. ಒಳಗೆ ಕಬ್ಬಿಣ ತುಂಬಿಸಿ ಟಂಗ್‌ಸ್ಟನ್ ಅಂತ ಮಾರ್ತಿಯಾ?"

ದಿವಾಕರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕ, ಆ ನಗೆ ನೋಡುವಂತಿರಲಿಲ್ಲ. "ಅಕ್ಕ, ಇದೇನು ಇಡ್ಲಿ ಪಾತ್ರೆನಾ? ಆ ಚರೆಯಲ್ಲಿ ಟಂಗ್‌ಸ್ಟನ್ ಜೊತೆ ಕಬ್ಬಿಣ ಸೇರಿಸಿಯೇ ಮಾಡೋದು. ಡಬ್ಬಿ ಮೇಲೆ ಬರೆದಿದೆ. ಮ್ಯಾಗ್ನೆಟ್ ಹಿಡಿದರೆ ಮಾಲು ಸರಿಯಾಗಿದೆ ಅಂತ ಅರ್ಥ. ಹಿಡಿಯದೇ ಇದ್ದರೆ ಹೆದರಬೇಕು."

"ಯಾಕೆ ಹೆದರಬೇಕು?"

"ಬಿಸ್ಮತ್‌ಗೂ ಹಿಡಿಯೋಲ್ಲ, ಸೀಸಕ್ಕೂ ಹಿಡಿಯೋಲ್ಲ. ಎಲ್ಲಿ, ಆ ಸುಬ್ಬು ಕೊಟ್ಟಿದ್ದು ತನ್ನಿ."

ಪಂಕಜಾ ಕಾರಿನಿಂದ ಡಬ್ಬಿ ತಂದಳು. ದಿವಾಕರ ಜೇಬಿನ ಚಾಕುವಿನಿಂದ ಒಂದು ತೋಟಾದ ಬಾಯಿ ಕೊಯ್ದು ಚರೆಗಳನ್ನು ಮೆಟ್ಟಿಲ ಮೇಲೆ ಸುರಿದ. ಒಂದನ್ನು ಎತ್ತಿ ಅವಳ ಅಡಕೆಕತ್ತರಿಯ ಬಾಯಿಗಿಟ್ಟ.

"ಒತ್ತಿ. ಬಿಸ್ಮತ್ ಆದರೆ ಕಲ್ಲುಸಕ್ಕರೆ ಥರ ಪುಡಿಯಾಗುತ್ತೆ. ಸೀಸ ಆದರೆ ಮೇಣದ ಥರ ಕತ್ತರಿಸುತ್ತೆ."

ಒತ್ತಿದಳು. ಸದ್ದೇ ಆಗಲಿಲ್ಲ. ಚರೆ ಎರಡು ಹೋಳಾಗಿ, ಹೊಳೆಯುವ ಬೂದು ಮುಖ ತೋರಿಸಿ ಬಿದ್ದಿತು.

ಆಗಲೂ ಅವಳ ಅನುಮಾನ ಸಾಯಲಿಲ್ಲ. ಇವನೇ ಬೆರಳ ಸಂದಿಯಲ್ಲಿ ಸೀಸ ಹಿಡಿದುಕೊಂಡು ಬಂದಿದ್ದರೆ? ಅವನನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸಿ, ಡಬ್ಬಿಯ ತಳದಿಂದ ತಾನೇ ಒಂದು ತೋಟಾ ಆರಿಸಿ, ತಾನೇ ಕೊಯ್ದು, ತಾನೇ ಕತ್ತರಿಸಿದಳು. ಮೇಣ. ಇನ್ನೊಂದು ಕತ್ತರಿಸಿದಳು. ಮೇಣ. ದಿವಾಕರ ಕೈಕಟ್ಟಿ ನಿಂತು ನೋಡುತ್ತಿದ್ದ.

"ಇನ್ನೂ ಎಷ್ಟು ಕತ್ತರಿಸ್ತೀರಿ? ಇದನ್ನು ಹಿಡಿದು ಸೋಮವಾರ ಜೌಗಿಗೆ ಹೋಗಿದ್ದರೆ ವಾರ್ಡನ್ ನಿಮ್ಮ ಲೈಸೆನ್ಸ್ ಕಿತ್ತುಕೊಳ್ತಿದ್ದ. ನನ್ನ ಕೋವಿ ಬೇಡ ಅಂದಿದ್ದರೆ ಸಾಕಿತ್ತು. ಹಳೇ ಕೋವಿಗೆ ಪ್ಲಾಸ್ಟಿಕ್ ಬೆರೆಸಿದ ಮೆತ್ತನೆ ಟಂಗ್‌ಸ್ಟನ್ ಬರುತ್ತೆ, ಹುಡುಕಿಕೊಡ್ತಿದ್ದೆ. ಕೇಳಲೇ ಇಲ್ಲ ನೀವು." ಅಷ್ಟು ಹೇಳಿ ಹೊರಟುಹೋದ.

ಪಂಕಜಾ ಸುಬ್ಬುವಿಗೆ ಫೋನ್ ಮಾಡಿದಳು. "ಎಂತ ಮಾರಾಯ, ಸೀಸ ಕೊಟ್ಟಿದ್ದಿಯಲ್ಲ?"

ಆ ಕಡೆಯಿಂದ ನಗು. "ಅಕ್ಕಾ, ಸಾಯೋ ಬಾತುಕೋಳಿಗೆ ಸೀಸ ಯಾವುದು, ಬಿಸ್ಮತ್ ಯಾವುದು ಗೊತ್ತಾಗುತ್ತಾ?"

ಅವಳು ಫೋನ್ ಇಟ್ಟು ನೇರ ಗಲ್ಲಾಕ್ಕೆ ಹೋದಳು. ಹದಿನೇಳು ವರ್ಷದಲ್ಲಿ ಆ ಗಲ್ಲಾದ ಮುಂದೆ ಅವಳು ತಪ್ಪು ಒಪ್ಪಿಕೊಂಡದ್ದಿಲ್ಲ.

"ರಾಯರೇ, ನಾನು ಹೇಳಿದ್ದು ಉಲ್ಟಾ. ಸುಬ್ಬು ಕಳ್ಳ. ದಿವಾಕರ ಸರಿ."

ರಮಾನಾಥರಾಯರು ಕನ್ನಡಕ ಹಣೆಗೇರಿಸಿದರು. "ಮೊನ್ನೆ ದಿವಾಕರ ಕಳ್ಳ, ಇವತ್ತು ಸುಬ್ಬು ಕಳ್ಳ. ನಾಡಿದ್ದು ನಾನಾ? ಮಧ್ಯಾಹ್ನ ದಿವಾಕರ ಹಿಂಬಾಗಿಲಿಗೆ ಬಂದದ್ದು ನೋಡಿದೆ. ಎಂತ ಕೊಟ್ಟ ನಿನಗೆ?"

ಅನುಮಾನದ ಆ ತುದಿ ತನ್ನ ಮೈಗೆ ಚುಚ್ಚಬಹುದೆಂದು ಪಂಕಜಾ ಯಾವತ್ತೂ ಎಣಿಸಿರಲಿಲ್ಲ. ಕೂಗಾಡಬೇಕೆನಿಸಿತು. ಕೂಗಾಡಿದರೆ ಕೆಲಸ ಕೆಡುತ್ತದೆ, ಅದು ಗೊತ್ತಿತ್ತು. ಚರೆಯ ಹೋಳುಗಳನ್ನು ರಾಯರ ಮೇಜಿನ ಮೇಲೆ ಸುರಿದು, ಆದದ್ದನ್ನು ಮೊದಲಿನಿಂದ ಹೇಳಿದಳು. ತಾನು ಮಾಡಿದ ಪಾತ್ರೆ ಪರೀಕ್ಷೆಯನ್ನೂ ಬಿಡಲಿಲ್ಲ. ಆ ಭಾಗ ಬಂದಾಗ ರಾಯರ ಹೊಟ್ಟೆ ಕುಣಿಯತೊಡಗಿತು.

"ಕೋವಿಯ ತೋಟಾಕ್ಕೆ ಪಾತ್ರೆ ಅಂಗಡಿಯ ಪರೀಕ್ಷೆಯಾ! ಅಯ್ಯೋ ದೇವರೇ!"

"ನಗಿ, ಎಷ್ಟು ಬೇಕಾದರೂ ನಗಿ. ಆ ಹುಡುಗನ ಕೆಲಸ ನನ್ನ ಬಾಯಿಯಿಂದ ಹೋದದ್ದು. ಅವನನ್ನು ತೆಗೆದುಕೊಳ್ಳದಿದ್ದರೆ ನಾಳೆಯಿಂದ ನಿಮ್ಮ ಸಾಂಬಾರಿಗೆ ಬೇರೆ ಯಾರನ್ನಾದರೂ ನೋಡಿ."

"ಹೆದರಿಸ್ತಿಯಾ?"

"ಹೌದು."

ರಾಯರು ನಗುವುದನ್ನು ನಿಲ್ಲಿಸಿದರು. ಒಂದು ಚರೆಯ ಹೋಳನ್ನು ಉಗುರಿನಿಂದ ಒತ್ತಿ, ಗೀರು ಮೂಡಿದ್ದನ್ನು ನೋಡಿ, ಫೋನ್ ಎತ್ತಿದರು. ಸುಬ್ಬು ವ್ಯಾನಿಗೆ ಮರಳಿದ. ಹೋಗುವಾಗ ಅಡುಗೆಮನೆಯ ಕಡೆ ನೋಡಿ ಉಗುಳಿದ.

ಮುಂದಿನ ಸೋಮವಾರ ಪಂಕಜಾ ಜೌಗಿಗೆ ಒಬ್ಬಳೇ ಹೋದಳು. ಪೆನ್ಸಿಲ್ವೇನಿಯಾದ ಒಂದು ಸಣ್ಣ ಅಂಗಡಿಯಲ್ಲಿ ಆ ಮೆತ್ತನೆ ಟಂಗ್‌ಸ್ಟನ್ನಿನ ಕೊನೆಯ ಡಬ್ಬಿ ಸಿಕ್ಕಿತ್ತು. ಅಂಗಡಿಯವನ ಎದುರೇ ಒಂದು ತೋಟಾ ಕೊಯ್ದು ನೋಡಿದ್ದಳು, ಅವನು ಬೈದಿದ್ದ. ಬಾತುಕೋಳಿ ಎರಡು ಬಿದ್ದವು. ಹುಲ್ಲಿನ ಮರೆಯಲ್ಲಿ ಪಕ್ಕದ ಜಾಗ ಖಾಲಿ ಇತ್ತು, ಗಾಳಿ ಆ ಕಡೆಯಿಂದಲೇ ಹೊಡೆಯುತ್ತಿತ್ತು.

ಮಂಗಳವಾರ ಬೆಳಗ್ಗೆ ದಿವಾಕರ ಕೆಲಸಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೋಟ್‌ಬುಕ್ಕು, ಕಿವಿಗೆ ಸಿಕ್ಕಿಸಿದ ಪೆನ್ನು. ಪಂಕಜಾ ಹಂಡೆಯ ಮುಂದಿನಿಂದ ಎದ್ದು ಬಂದಳು.

"ಬಾ ಮಾರಾಯ. ಕಾಫಿ ಕುಡೀತಿಯಾ? ಹೆಂಡತಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಈ ವಾರಕ್ಕೆ ಟೊಮೇಟೊ ಎಷ್ಟು ಬಾಕ್ಸ್ ಬೇಕು, ಮೇಡಂ?"

"ಮೇಡಂ ಎಂತದ್ದು? ಅಕ್ಕ ಅನ್ನು."

ದಿವಾಕರ ಪೆನ್ನು ತೆಗೆದು ನೋಟ್‌ಬುಕ್ ಬಿಡಿಸಿದ. "ಕೆಲಸ ನನಗೆ ಬೇಕಿತ್ತು, ಬಂದಿದ್ದೀನಿ. ಎಷ್ಟು ಬಾಕ್ಸ್, ಮೇಡಂ?"

ಪಂಕಜಾ ಸೆರಗಿಗೆ ಕೈ ಒರೆಸಿಕೊಂಡಳು.

"ಎಂಟು" ಎಂದಳು.